ಸೂಜಿಯಕ್ಕ ಕೇಳುವ ಎರಡನೇ ಪ್ರಶ್ನೆ

ಬೆಳಗಿನ ಐದು ಐವತ್ತು. ಮೂರನೇ ಮಹಡಿಯ ಆ ಮನೆಯ ಬಾಗಿಲು ತಟ್ಟುವ ಮೊದಲೇ ತೆರೆದುಕೊಳ್ಳುತ್ತದೆ. ನಿವೃತ್ತ ಬಸ್ ಡ್ರೈವರ್ ಒಬ್ಬರು ಬನಿಯನ್ನಿನಲ್ಲೇ, ದೀಪದ ಕೆಳಗೆ ಕುರ್ಚಿ ಎಳೆದುಕೊಂಡು, ಎಡಗೈ ಚಾಚಿ ಕೂತಿದ್ದಾರೆ. ಒಳಗೆ ಬಂದ ಹೆಂಗಸು ಚಪ್ಪಲಿ ಬಿಡುತ್ತಾರೆ, ಭುಜದ ಐಸ್ ಪೆಟ್ಟಿಗೆಯನ್ನು ಕೆಳಗಿಡುತ್ತಾರೆ, ಯಾರನ್ನೂ ಕೇಳದೆ ನೇರ ಬಚ್ಚಲಿಗೆ ಹೋಗಿ ಕೈ ತೊಳೆದು ಬರುತ್ತಾರೆ. ಮೊಣಕೈ ಮೇಲೆ ರಬ್ಬರ್ ಪಟ್ಟಿ ಬಿಗಿದು, ಎರಡು ಬೆರಳಿಂದ ಮೆಲ್ಲಗೆ ಒತ್ತಿ ನೋಡುತ್ತಾರೆ. ಅವರ ಕಣ್ಣು ಆ ಕೈಯ ಮೇಲಿಲ್ಲ, ಗೋಡೆಯ ಗಡಿಯಾರದ ಮೇಲಿದೆ.

"ಬೆಳಗಿನ ಮಾತ್ರೆ ನುಂಗಿದ್ರಾ?"

"ಇಲ್ಲಮ್ಮ. ನೀನು ಬಂದು ಹೋಗೋ ಮುಂಚೆ ನುಂಗಿದ್ರೆ ಬೈತೀಯಲ್ಲ."

"ಈ ವಾರ ಹುಳಿಹಣ್ಣು ಏನಾದ್ರೂ ತಿಂದ್ರಾ? ಕಿತ್ತಳೆ, ಮೂಸಂಬಿ, ಚಕ್ಕೋತ, ಏನಾದ್ರೂ?"

"ಏನೂ ಇಲ್ಲ. ಮುಟ್ಟೇ ಇಲ್ಲ."

ಅಡುಗೆಮನೆಯಿಂದ ಹೆಂಡತಿಯ ದನಿ ಬರುತ್ತದೆ: "ಸುಳ್ಳು. ಅಳಿಯ ತಂದ ಕಿತ್ತಳೆ ಸಿಪ್ಪೆ ಜಾಮು ಮೊನ್ನೆಯಿಂದ ಬ್ರೆಡ್ಡಿಗೆ ಬಳ್ಕೊಂಡು ತಿಂತಿದಾರೆ."

"ಅದು ಹಣ್ಣಲ್ಲ ಕಣೇ, ಜಾಮು," ಎಂದು ಡ್ರೈವರ್ ವಾದ ಹೂಡುತ್ತಾರೆ. ಅಷ್ಟರಲ್ಲಿ ಸೂಜಿ ಒಳಗೆ ಹೋಗಿ, ನೇರಳೆ ಮುಚ್ಚಳದ ಟ್ಯೂಬು ತುಂಬಿ, ಹತ್ತಿ ಒತ್ತಿಯೂ ಆಗಿದೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಎನ್ನುತ್ತಾರಲ್ಲ, ಹಾಗೆ. ಆಮೇಲೆ ಆಕೆ ಜಾಮಿನ ಬಾಟಲಿ ತರಿಸಿ ದೀಪಕ್ಕೆ ಹಿಡಿಯುತ್ತಾರೆ. ಲೇಬಲ್ಲಿನಲ್ಲಿ ಕಹಿ ಕಿತ್ತಳೆ ಎಂದಿದೆ. ಅದನ್ನು ಟ್ಯೂಬಿನ ಜೊತೆಗಿರುವ ಫಾರಂನ ಅಂಚಿನಲ್ಲಿ ಬರೆದುಕೊಂಡು, ಬಾಟಲಿಯನ್ನು ಹೆಂಡತಿಯ ಕೈಗೆ ಕೊಡುತ್ತಾರೆ, ಗಂಡನ ಕೈಗಲ್ಲ.

ಈ ಬಡಾವಣೆಗಳಲ್ಲಿ ಅವರಿಗೆ ಸೂಜಿಯಕ್ಕ ಎಂದೇ ಹೆಸರು. ಒಂದು ಖಾಸಗಿ ಲ್ಯಾಬಿಗಾಗಿ ಮನೆಮನೆಗೆ ಹೋಗಿ ರಕ್ತ ತೆಗೆದು ತರುವುದು ಅವರ ಕೆಲಸ. ಹತ್ತೊಂಬತ್ತು ವರ್ಷದಿಂದ ಇದೇ. ದಿನಕ್ಕೆ ಹತ್ತು ಹನ್ನೆರಡು ಮನೆ, ಲಿಫ್ಟ್ ಇಲ್ಲದ ಕಟ್ಟಡಗಳಲ್ಲಿ ಮುನ್ನೂರಕ್ಕೂ ಹೆಚ್ಚು ಮೆಟ್ಟಿಲು, ಒಂದು ಹಳೇ ಸ್ಕೂಟರ್. ಇಷ್ಟು ವರ್ಷದಲ್ಲಿ ಎಷ್ಟು ಸಲ ಚುಚ್ಚಿರಬಹುದು ಎಂದು ಪತ್ರಿಕೆಗೆ ಬರೆಯಲು ಜೊತೆ ಹೋಗಿದ್ದ ನಾನೂ ಅವರೂ ರಸ್ತೆಬದಿಯಲ್ಲಿ ನಿಂತು ಗುಣಿಸಿ ನೋಡಿದೆವು. ಅರವತ್ತು ಸಾವಿರ ದಾಟಿತು. "ಅಯ್ಯೋ, ಸೊಳ್ಳೆ ಕೂಡ ಇಷ್ಟು ಕಚ್ಚಿರಲ್ಲ," ಎಂದು ಅವರು ಸ್ಕೂಟರಿನ ಕಿಕ್ಕರ್ ತುಳಿದರು.

ಅವರ ಬಗ್ಗೆ ನನಗೆ ಹೇಳಿದ್ದು ಒಬ್ಬ ಔಷಧಿ ಅಂಗಡಿಯವರು. "ಹಣ್ಣಿಗೂ ಮಾತ್ರೆಗೂ ಆಗಿಬರಲ್ಲ ಅನ್ನೋದನ್ನ ಈ ಊರಲ್ಲಿ ನಮ್ಮೆಲ್ಲರಿಗಿಂತ ಹೆಚ್ಚು ಜನಕ್ಕೆ ಹೇಳಿರೋದು ಆ ಯಮ್ಮ," ಎಂದರು. ನನಗೆ ಕುತೂಹಲವಾಯಿತು. ನಿಜ ಹೇಳಬೇಕೆಂದರೆ ಸ್ವಲ್ಪ ಅನುಮಾನವೂ ಆಯಿತು. ಹಣ್ಣು ಒಳ್ಳೆಯದು, ಮಾತ್ರೆಯೂ ಒಳ್ಳೆಯದು. ಒಳ್ಳೆಯವರಿಬ್ಬರು ಸೇರಿ ಕೆಟ್ಟದ್ದು ಮಾಡುವುದನ್ನು ಮನುಷ್ಯರಲ್ಲಿ ನೋಡಿದ್ದೇನೆ. ಹೊಟ್ಟೆಯೊಳಗೂ ಹಾಗೆ ಆಗುತ್ತದೆಂದು ಗೊತ್ತಿರಲಿಲ್ಲ.

ಇಂದಿನ ಪಟ್ಟಿಯಲ್ಲಿ ಒಂಬತ್ತು ಮನೆಗಳಿವೆ. ಒಂಬತ್ತನೆಯದು ಒಬ್ಬ ದರ್ಜಿಯ ಮನೆ. ಅದರ ಹೆಸರೆತ್ತಿದರೆ ಸೂಜಿಯಕ್ಕನ ಮಾತು ಸಣ್ಣದಾಗುತ್ತದೆ. "ಅಲ್ಲಿಗೆ ಹೋಗೋ ದಿನ ನಂಗೆ ತಿಂಡಿ ಸೇರಲ್ಲ, ಸಾರ್," ಎನ್ನುತ್ತಾರೆ. "ಎರಡು ವರ್ಷದಿಂದ ಆ ಮನೆಯ ಅಕ್ಕ ನನ್ನ ಮುಖ ನೋಡಿ ಮಾತಾಡಿಲ್ಲ. ತಪ್ಪು ನಂದೇ." ಆ ತಪ್ಪು ಏನೆಂದು ತಿಳಿಯಲು ಅವರ ಹಿತ್ತಲಿಗೆ ಹೋಗಬೇಕು.

ಎರಡು ಕೋಣೆಯ ಮನೆ. ಹಿಂದೆ ಬಟ್ಟೆ ಒಗೆಯುವ ಕಲ್ಲು, ಅದರ ಪಕ್ಕ ಒಂದು ಚಕ್ಕೋತದ ಮರ. ಮರವನ್ನು ನೆಟ್ಟದ್ದು ಅತ್ತೆ, ಮಗ ಹುಟ್ಟಿದ ವರ್ಷ. ಆ ಮಗನೇ ಸೂಜಿಯಕ್ಕನ ಗಂಡ, ಈಗ ಬೇಕರಿಯಲ್ಲಿ ಒಲೆ ನೋಡಿಕೊಳ್ಳುತ್ತಾನೆ. ಸೂಜಿಯಕ್ಕನಿಗಿಂತ ಎರಡು ಗಂಟೆ ಮೊದಲೇ ಮನೆ ಬಿಡುತ್ತಾನೆ. "ನಾವು ಗಂಡ ಹೆಂಡತಿ ಬೆಳಗಿನ ಹೊತ್ತು ಮುಖ ನೋಡ್ಕೊಂಡಿದ್ದು ನಮ್ಮ ಮದುವೆ ದಿನ ಒಂದೇ," ಎಂದು ನಗುತ್ತಾರೆ ಆಕೆ. ಗಂಡನ ಮಾತು ಕಡಿಮೆ, ಮರ ಮಾತ್ರ ಧಾರಾಳಿ. ವರ್ಷಕ್ಕೆ ಇನ್ನೂರು ಕಾಯಿ, ಒಂದೊಂದೂ ಮಗುವಿನ ತಲೆಯಷ್ಟು. ಇನ್ನೂರು ಚಕ್ಕೋತವನ್ನು ಮೂರು ಜನ ತಿಂದು ಮುಗಿಸಲಾಗುತ್ತದೆಯೇ? ಹಂಚಲೇಬೇಕು.

ಸೂಜಿಯಕ್ಕ ಹಂಚಿದ್ದು ತಮ್ಮ ಬೆಳಗಿನ ಮನೆಗಳಿಗೆ. ಅವರ ಪಟ್ಟಿಯಲ್ಲಿ ಆಗ ಕಿಡ್ನಿ ಬದಲಾಯಿಸಿಕೊಂಡವರು ಆರು ಜನರಿದ್ದರು. ಬೇರೆಯವರ ಕಿಡ್ನಿಯನ್ನು ನಮ್ಮ ದೇಹ ಪರಕೀಯ ಎಂದು ದೂಡುತ್ತದೆ. ಹಾಗೆ ದೂಡದಂತೆ ತಡೆಯುವ ಮಾತ್ರೆಯನ್ನು ಅವರು ಹನ್ನೆರಡು ಗಂಟೆಗೊಮ್ಮೆ, ಬದುಕಿರುವವರೆಗೂ ನುಂಗಬೇಕು. ರಕ್ತದಲ್ಲಿ ಆ ಔಷಧಿ ಕಡಿಮೆಯಾದರೆ ಕಿಡ್ನಿ ಹೋಗುತ್ತದೆ, ಹೆಚ್ಚಾದರೆ ಅದು ವಿಷ. ಹಾಗಾಗಿ ಆಗಾಗ ಅಳೆಯುತ್ತಾರೆ. ಹಿಂದಿನ ಮಾತ್ರೆಯ ಪ್ರಭಾವ ತೀರಾ ಇಳಿದಿರುವಾಗ, ಮುಂದಿನ ಮಾತ್ರೆ ಬಾಯಿಗೆ ಹೋಗುವ ಮುಂಚೆ, ಆ ಒಂದು ಸಣ್ಣ ಸಂದಿಯಲ್ಲೇ ರಕ್ತ ತೆಗೆಯಬೇಕು. ಸೂಜಿಯಕ್ಕ ಕತ್ತಲು ಹರಿಯುವಾಗಲೇ ಮೆಟ್ಟಿಲು ಹತ್ತುವುದು ಅದಕ್ಕೇ.

ಆ ಆರು ಜನಕ್ಕೆ ಆಸ್ಪತ್ರೆ ಒಂದು ಹಾಳೆ ಕೊಟ್ಟಿತ್ತು. ಕತ್ತರಿಸಿಟ್ಟ ಹಣ್ಣು ಬೇಡ, ದಪ್ಪ ಸಿಪ್ಪೆಯ ಹಣ್ಣನ್ನು ತೊಳೆದು ಮನೆಯಲ್ಲೇ ಸುಲಿದು ತಿನ್ನಿ ಎಂದು ಅದರಲ್ಲಿತ್ತು. ಸೋಂಕಿನ ಭಯಕ್ಕೆ ಹೇಳಿದ ಬುದ್ಧಿಮಾತು ಅದು. ದಪ್ಪ ಸಿಪ್ಪೆ ಎಂದರೆ ಚಕ್ಕೋತಕ್ಕಿಂತ ದಪ್ಪ ಯಾವುದಿದೆ? ಸೂಜಿಯಕ್ಕ ಯೋಚಿಸಿ, ಆರಿಸಿ, ಅತ್ಯಂತ ಜೋಪಾನದ ಹಣ್ಣನ್ನೇ ಕೊಟ್ಟರು. ಅಷ್ಟೇ ಅಲ್ಲ, "ಮಾತ್ರೆ ಜೊತೆ ತಿನ್ಬೇಡಿ, ಎರಡು ಗಂಟೆ ಬಿಟ್ಟು ತಿನ್ನಿ," ಎಂದು ತಮ್ಮದೇ ಒಂದು ಪಥ್ಯವನ್ನೂ ಸೇರಿಸಿದರು. ಹಾಳೆಯ ಕೊನೆಯಲ್ಲಿ ಗ್ರೇಪ್‌ಫ್ರೂಟ್ ತಿನ್ನಬಾರದು ಎಂದೂ ಒಂದು ಸಾಲಿತ್ತು. ಆ ಹಣ್ಣನ್ನು ಈ ಊರಿನ ಅಂಗಡಿಗಳಲ್ಲಿ ಕಂಡವರಿಲ್ಲ. ಚಕ್ಕೋತ ಅದರ ಖಾಸಾ ದಾಯಾದಿ ಎಂದು ಹಾಳೆ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ.

ದರ್ಜಿಗೆ ಕಿಡ್ನಿ ಕೊಟ್ಟದ್ದು ಅವರ ಹೆಂಡತಿ. ಕೊಟ್ಟು ಏಳು ತಿಂಗಳಾಗಿತ್ತು. ವಾರಕ್ಕೊಂದು ಚಕ್ಕೋತ ಆ ಮನೆಗೂ ಹೋಗುತ್ತಿತ್ತು. ಬಾಯಿ ರುಚಿ ಕೆಟ್ಟಿದ್ದ ದರ್ಜಿ ಅದನ್ನು ದಿನಾ ಸಂಜೆ ಮೂರು ನಾಲ್ಕು ತೊಳೆ ಚಪ್ಪರಿಸಿ ತಿನ್ನುತ್ತಿದ್ದರು. ಮೂರನೇ ವಾರ ಅವರ ಕೈ ನಡುಗತೊಡಗಿತು. ಸೂಜಿಗೆ ದಾರ ಪೋಣಿಸಲಾಗುತ್ತಿಲ್ಲ. ಏಳರ ಆಸುಪಾಸು ಇರುತ್ತಿದ್ದ ಔಷಧಿಯ ಮಟ್ಟ ಹದಿನಾಲ್ಕಕ್ಕೆ ಏರಿತ್ತು. ಡಾಕ್ಟರು ಮಾತ್ರೆ ಇಳಿಸಿದರು, ಮತ್ತೆ ಇಳಿಸಿದರು, ಕೊನೆಗೆ ಅರ್ಧಕ್ಕೆ ತಂದು ನಿಲ್ಲಿಸಿದರು. ಮಟ್ಟ ಸರಿಯಾಯಿತು, ಕೈ ಸ್ಥಿರವಾಯಿತು, ಎಲ್ಲರೂ ನಿಟ್ಟುಸಿರು ಬಿಟ್ಟರು. ಅಷ್ಟರಲ್ಲಿ ಮರದ ಕಾಯಿ ಮುಗಿಯಿತು.

ಇಲ್ಲಿ ಓದುಗರಿಗೆ ಹೊಳೆದಿರಬೇಕು. ಆಗ ಯಾರಿಗೂ ಹೊಳೆಯಲಿಲ್ಲ. ಹಣ್ಣು ನಿಂತಿತು, ಮಾತ್ರೆ ಅರ್ಧವೇ ಉಳಿಯಿತು. ಮಟ್ಟ ಎರಡಕ್ಕೆ ಕುಸಿಯಿತು. ಮುಂದಿನ ಪರೀಕ್ಷೆಗೆ ಇನ್ನೂ ಹತ್ತು ದಿನವಿತ್ತು. ಅಷ್ಟರೊಳಗೆ ದರ್ಜಿಯ ಕಾಲು ಬಾತು, ಮೂತ್ರ ಕಡಿಮೆಯಾಗಿ, ದೇಹ ಹೆಂಡತಿಯ ಕಿಡ್ನಿಯನ್ನು ದೂಡಲು ಶುರುಮಾಡಿತ್ತು. ಒಂಬತ್ತು ದಿನ ಆಸ್ಪತ್ರೆ, ಇಂಜೆಕ್ಷನ್ನುಗಳು. ಕಿಡ್ನಿ ಉಳಿಯಿತು, ಆದರೆ ಮೊದಲಿನ ಹಾಗಲ್ಲ.

ಡಾಕ್ಟರು ದರ್ಜಿಯನ್ನು ಗದರಿಸಿದರು: ಮಾತ್ರೆ ತಪ್ಪಿಸಿದ್ದೀರಿ. ದರ್ಜಿ ಪ್ರಮಾಣ ಮಾಡಿದರು: ಒಂದೂ ಇಲ್ಲ. ಲ್ಯಾಬಿನಲ್ಲಿ ಯಂತ್ರ ನೋಡಿಕೊಳ್ಳುವ ಹಿರಿಯರೊಬ್ಬರಿಗೆ ಮಾತ್ರ ಇದು ಬೇರೆ ಥರ ಕಂಡಿತು. ಅವರನ್ನು ಎಲ್ಲರೂ ಲ್ಯಾಬಣ್ಣ ಎನ್ನುತ್ತಾರೆ. "ಒಬ್ಬರದು ಏರಿ ಇಳಿದಿದ್ರೆ ಅವರ ಹಣೆಬರಹ ಅನ್ಬಹುದಿತ್ತು," ಎನ್ನುತ್ತಾರೆ ಅವರು ಕನ್ನಡಕ ಒರೆಸುತ್ತ. "ಐದು ಜನರದ್ದು ಒಂದೇ ತಿಂಗಳು ಏರಿ, ಒಂದೇ ತಿಂಗಳು ಇಳೀತು. ಐದೂ ಟ್ಯೂಬು ತಂದೋಳು ಇವಳು. ಬೇರೆಯವರು ತಂದ ಟ್ಯೂಬೆಲ್ಲಾ ಸರಿಯಾಗೇ ಇದ್ವು. ನಾನು ನೇರವಾಗಿ ಕೇಳ್ದೆ, ಏನಮ್ಮಾ, ಅವರು ಮಾತ್ರೆ ನುಂಗಿದ್ಮೇಲೆ ಹೋಗಿ ಚುಚ್ತಿದೀಯಾ ಅಂತ."

ಸೂಜಿಯಕ್ಕನಿಗೆ ಕೆಂಡ ತುಳಿದ ಹಾಗಾಯಿತು. ಅಷ್ಟು ವರ್ಷದ ಕೆಲಸದಲ್ಲಿ ಅವರಿಗಿದ್ದ ಒಂದೇ ಹೆಮ್ಮೆ ಹೊತ್ತು ತಪ್ಪದಿರುವುದು. ನಾಯಿ ಕಚ್ಚಿದ ದಿನವೂ ಗಾಯಕ್ಕೆ ಬಟ್ಟೆ ಸುತ್ತಿಕೊಂಡು ಹೊತ್ತಿಗೆ ಸರಿಯಾಗಿ ಮುಂದಿನ ಮನೆಗೆ ಹೋದವರು. "ಗಡಿಯಾರ ನೋಡ್ದೆ ಚುಚ್ಚಿದೋಳಲ್ಲ ನಾನು," ಎಂದು ಮನೆಗೆ ಹೋಗಿ ಡೈರಿ ತಂದು ಮೇಜಿನ ಮೇಲೆ ಬಡಿದರು. ಯಾವ ಮನೆ, ಯಾವ ದಿನ, ಎಷ್ಟು ಗಂಟೆ ಎಷ್ಟು ನಿಮಿಷ, ಯಾವ ಕೈ, ಎಲ್ಲವೂ ಅದರಲ್ಲಿತ್ತು. ಲ್ಯಾಬಣ್ಣ ಒಂದೊಂದೇ ಪುಟ ತಿರುಗಿಸಿದರು. ಒಂದು ದಿನವೂ ಹೊತ್ತು ಮೀರಿರಲಿಲ್ಲ.

"ಇದೇನಿದು, ಕೆಲವು ಹೆಸರಿನ ಪಕ್ಕ 'ಚ' ಅಂತ ಬರ್ದಿದೀಯ?" ಎಂದು ಕೇಳಿದರು ಕೊನೆಗೆ.

ಯಾರಿಗೆ ಹಣ್ಣು ಕೊಟ್ಟಾಗಿದೆ, ಯಾರಿಗೆ ಇನ್ನೂ ಇಲ್ಲ ಎಂದು ಮರೆಯದಿರಲು ಹಾಕಿಕೊಂಡ ಗುರುತು ಅದು. ಒಬ್ಬರಿಗೆ ಹೆಚ್ಚು ಒಬ್ಬರಿಗೆ ಕಡಿಮೆ ಆಗಬಾರದಲ್ಲ. ಉತ್ತರ ಹೇಳುವ ಮೊದಲೇ ಅವರ ಕಣ್ಣು ಲ್ಯಾಬಣ್ಣ ಇಟ್ಟಿದ್ದ ಪಟ್ಟಿಯ ಮೇಲೆ ಬಿತ್ತು. ಮೇಜಿನ ಮೇಲೆ ಒಂದು ಕಡೆ ಏರಿದ ಐದು ಹೆಸರು, ಇನ್ನೊಂದು ಕಡೆ ಕಿಡ್ನಿಯವರಲ್ಲಿ 'ಚ' ಇರುವ ಹೆಸರುಗಳು. ಎರಡೂ ಒಂದೇ. ಆರನೆಯವರು ಹುಳಿ ಆಗುವುದಿಲ್ಲವೆಂದು ಹಣ್ಣು ಬೇಡ ಅಂದಿದ್ದರು. ಅವರ ಮಟ್ಟ ಒಂದಿಂಚೂ ಅಲುಗಿರಲಿಲ್ಲ. ತಾವು ನಿರಪರಾಧಿ ಎಂದು ತೋರಿಸಲು ತಂದ ಪುಸ್ತಕವೇ ಅವರ ವಿರುದ್ಧ ಸಾಕ್ಷಿ ಹೇಳಿತು.

"ಲ್ಯಾಬಣ್ಣಂಗೆ ಇನ್ನೂ ಗೊತ್ತಾಗಿರ್ಲಿಲ್ಲ, ಸಾರ್. ನಂಗೆ ಗೊತ್ತಾಯ್ತು," ಎನ್ನುತ್ತಾರೆ ಸೂಜಿಯಕ್ಕ. "ಡೈರಿ ಮುಚ್ಚಿ, ಏನೋ ಒಂದು ಗುರುತು ಬಿಡಿ ಅಂದಿದ್ರೆ ಮುಗಿದೋಗ್ತಿತ್ತು. ಒಂದು ಕ್ಷಣ ಹಾಗನ್ನಿಸ್ತು. ಸುಳ್ಳು ಹೇಳಲ್ಲ ನಿಮಗೆ."

ಅವರು ಡೈರಿ ಮುಚ್ಚಲಿಲ್ಲ. ಇಬ್ಬರೂ ಆಸ್ಪತ್ರೆಯ ಎದುರಿನ ಔಷಧಿ ಅಂಗಡಿಗೆ ಹೋದರು. ಅಂಗಡಿಯವರು ಮಾತ್ರೆಯ ಡಬ್ಬಿಯಿಂದ ಆ ಮಡಿಚಿದ ಕಾಗದ ತೆಗೆದು ಬಿಡಿಸಿದರು. ಬಿಡಿಸಿದಷ್ಟೂ ಬಿಚ್ಚಿಕೊಳ್ಳುವ, ಇರುವೆಯಂಥ ಅಕ್ಷರದ, ನಾವ್ಯಾರೂ ಓದದೆ ಎಸೆಯುವ ಕಾಗದ. ಹುಡುಕಿದರು. ಇತ್ತು.

ವಿಷಯ ಇಷ್ಟು. ನಮ್ಮ ಕರುಳಿನ ಗೋಡೆಯಲ್ಲಿ ಒಂದು ಕಿಣ್ವವಿದೆ. ಅದು ಬಾಗಿಲು ಕಾಯುವವನ ಹಾಗೆ. ಕೆಲವು ಮಾತ್ರೆಗಳು ಬಂದಾಗ ಹತ್ತರಲ್ಲಿ ಏಳೆಂಟು ಪಾಲನ್ನು ಅಲ್ಲೇ ಮುರಿದುಹಾಕಿ ಉಳಿದದ್ದನ್ನು ಮಾತ್ರ ಒಳಗೆ ಬಿಡುತ್ತಾನೆ. ಡಾಕ್ಟರು ಬರೆಯುವ ಪ್ರಮಾಣ ಅವನ ಈ ಕಟ್ಟುನಿಟ್ಟನ್ನು ಲೆಕ್ಕಕ್ಕೆ ತೆಗೆದುಕೊಂಡೇ ಬರೆದದ್ದು. ಚಕ್ಕೋತ, ಗ್ರೇಪ್‌ಫ್ರೂಟ್, ಕಹಿ ಕಿತ್ತಳೆ, ಇವುಗಳ ರಸದಲ್ಲಿರುವ ಒಂದು ವಸ್ತು ಈ ಕಾವಲುಗಾರನನ್ನು ಕೆಲಸಕ್ಕೆ ಬಾರದಂತೆ ಮಾಡುತ್ತದೆ. ಬಾಗಿಲು ಹಾರುಹೊಡೆದು, ಒಂದು ಮಾತ್ರೆ ಎರಡು ಮೂರರ ಬಲದಲ್ಲಿ ರಕ್ತಕ್ಕೆ ನುಗ್ಗುತ್ತದೆ. ನಿದ್ದೆ ಹೋದ ಕಾವಲುಗಾರನಾದರೆ ಎದ್ದಾನು. ಆದರೆ ಇವನು ಸತ್ತೇ ಹೋಗಿರುತ್ತಾನೆ. ಕರುಳು ಹೊಸಬನನ್ನು ತಯಾರಿಸಬೇಕು, ಅದಕ್ಕೆ ಎರಡು ಮೂರು ದಿನ ಬೇಕು. ಹಾಗಾಗಿ ಬೆಳಿಗ್ಗೆ ಮಾತ್ರೆ, ಸಂಜೆ ಹಣ್ಣು ಎಂಬ ಜಾಣತನ ಇಲ್ಲಿ ನಡೆಯುವುದಿಲ್ಲ. ಸೂಜಿಯಕ್ಕ ಹೇಳುತ್ತಿದ್ದ ಎರಡು ಗಂಟೆಯ ಪಥ್ಯ ಯಾವ ಪ್ರಯೋಜನಕ್ಕೂ ಬರಲಿಲ್ಲ.

ಕಿಡ್ನಿಯವರ ಮಾತ್ರೆಗೆ ಮಾತ್ರವಲ್ಲ, ಕೊಬ್ಬು ಇಳಿಸುವ ಕೆಲವು ಮಾತ್ರೆ, ರಕ್ತದೊತ್ತಡದ ಕೆಲವು ಮಾತ್ರೆ, ಎದೆಬಡಿತದ್ದು ಕೆಲವು, ಇವಕ್ಕೂ ಈ ಗತಿ ಉಂಟು. ಎಲ್ಲ ಮಾತ್ರೆಗೂ ಇಲ್ಲ, ಎಲ್ಲ ಹಣ್ಣಿಗೂ ಇಲ್ಲ. ಸಾಮಾನ್ಯ ಸಿಹಿ ಕಿತ್ತಳೆಯ ಮೇಲೆ ಈ ಆರೋಪವಿಲ್ಲ. ಹಾಗೆಂದು ಅದೂ ಪೂರ್ತಿ ಸಾಧುವಲ್ಲ: ಅಲರ್ಜಿಯ ಒಂದು ಬಗೆಯ ಮಾತ್ರೆಯನ್ನು ಕಿತ್ತಳೆ ರಸದ ಜೊತೆ ನುಂಗಿದರೆ ಅದು ರಕ್ತಕ್ಕೆ ಸೇರುವುದೇ ಕಡಿಮೆಯಾಗುತ್ತದಂತೆ, ಅಂದರೆ ತದ್ವಿರುದ್ಧ. ಇದನ್ನೆಲ್ಲ ಕೇಳುತ್ತ ನಾನು ಬರೆದುಕೊಳ್ಳುವುದನ್ನು ನಿಲ್ಲಿಸಿಬಿಟ್ಟಿದ್ದೆ. ಸೂಜಿಯಕ್ಕ ನನ್ನ ಕಡೆ ತಿರುಗಿ, "ನೀವೇನು ಮಾತ್ರೆ ತಗೋತೀರಾ, ಸಾರ್?" ಎಂದರು. ಕೊಬ್ಬಿನದು ಅಂದೆ. ಯಾವುದು ಎಂದರು. ಬಿಳೀದು ಅಂದೆ. ಎಂಟು ವರ್ಷದಿಂದ ನುಂಗುತ್ತಿರುವ ಮಾತ್ರೆಯ ಹೆಸರು ನನಗೆ ಗೊತ್ತಿರಲಿಲ್ಲ. ಅಲ್ಲಿಗೆ ನನ್ನ ಮಾನ ಸಾಕಷ್ಟು ಹೋಯಿತು.

ಲ್ಯಾಬಿನ ಮೇಲಧಿಕಾರಿ ಆಗ ಸೂಜಿಯಕ್ಕನಿಗೆ ಹೇಳಿದ್ದು ಒಂದೇ ಮಾತು: ಡಾಕ್ಟರಿಗೆ ನಾವು ತಿಳಿಸುತ್ತೇವೆ, ನೀನು ಸುಮ್ಮನಿರು. ಡಾಕ್ಟರಿಗೆ ತಿಳಿಯಿತು, ಮಾತ್ರೆ ಸರಿಹೋಯಿತು. ಸುಮ್ಮನಿದ್ದರೆ ಐದು ಮನೆಯವರಿಗೂ ಅದು ಕೇವಲ ಒಂದು ಹಣ್ಣಿನ ದೋಷವಾಗಿ ಉಳಿಯುತ್ತಿತ್ತು. ಸೂಜಿಯಕ್ಕ ಮನೆಗೆ ಬಂದು ಅತ್ತೆಯ ಮುಂದೆ ಎಲ್ಲವನ್ನೂ ಹೇಳಿದರು. ಅತ್ತೆ ಮೊದಲು ಗಾದೆ ಹೇಳಿದರು: ಊರಿಗೆ ಉಪಕಾರ ಮಾಡಬಾರದು, ಹೆಣಕ್ಕೆ ಶೃಂಗಾರ ಮಾಡಬಾರದು. ಆಮೇಲೆ ಸೊಸೆಯ ತಲೆ ಸವರಿ, "ಹೋಗಿ ಹೇಳ್ಬಿಟ್ಟು ಬಾ. ಇಲ್ಲಾಂದ್ರೆ ನಿನ್ನ ಕೈ ನಡುಗುತ್ತೆ, ಆಮೇಲೆ ಯಾರಿಗೆ ಚುಚ್ತೀಯ?" ಎಂದರು.

ಐದು ಮನೆಗೂ ಹೋದರು. ನಾಲ್ಕು ಮನೆಯವರು, ನೀವೇನು ಬೇಕೂಂತ ಮಾಡಿದ್ರಾ ಅಂದರು. ಬೆಳಿಗ್ಗೆ ಕಂಡ ಡ್ರೈವರ್ ಅವರಲ್ಲೊಬ್ಬರು. ದರ್ಜಿಯ ಹೆಂಡತಿ ಪೂರ್ತಿ ಕೇಳಿಸಿಕೊಂಡರು. ಕೇಳಿಸಿಕೊಂಡು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. "ಬೈದಿದ್ರೆ ಚೆನ್ನಾಗಿತ್ತು," ಎನ್ನುತ್ತಾರೆ ಸೂಜಿಯಕ್ಕ. "ಬೈದ್ರೆ ಮುಗಿಯುತ್ತೆ."

ಎರಡು ತಿಂಗಳು ಆ ಮನೆಗೆ ಲ್ಯಾಬಿನವರು ಬೇರೆಯವರನ್ನು ಕಳಿಸಿದರು. ದರ್ಜಿಯ ನರಗಳು ವರ್ಷಗಟ್ಟಲೆ ಚುಚ್ಚಿಸಿಕೊಂಡು ಗಟ್ಟಿಯಾಗಿವೆ. ಹೊಸಬರು ಮೂರು ನಾಲ್ಕು ಕಡೆ ಚುಚ್ಚಿ ಕೈಯೆಲ್ಲಾ ನೀಲಿ ಮಾಡಿದರು. ಕೊನೆಗೆ ದರ್ಜಿಯೇ ಫೋನ್ ಮಾಡಿ, "ತಾಯಿ, ನೀನೇ ಬಾ," ಎಂದರು. ಅಂದಿನಿಂದ ಇವರೇ ಹೋಗುತ್ತಾರೆ. ಸ್ಕೂಟರ್ ನಿಂತ ಸದ್ದಾದರೆ ಹೆಂಡತಿ ಒಳಕೋಣೆಗೆ ಸರಿಯುತ್ತಾರೆ. ಕಿಡ್ನಿ ಕೊಟ್ಟವರಾದ್ದರಿಂದ ಅವರಿಗೂ ವರ್ಷಕ್ಕೊಮ್ಮೆ ರಕ್ತಪರೀಕ್ಷೆ ಆಗಬೇಕು. ಇರುವ ಒಂದು ಕಿಡ್ನಿ ಸರಿಯಿದೆಯೇ ಎಂದು ನೋಡುವುದಕ್ಕೆ. ಅದಕ್ಕಾಗಿ ಅವರು ಎರಡು ಬಸ್ಸು ಬದಲಾಯಿಸಿ ಊರಿನ ಆಚೆ ಬದಿಯ ಲ್ಯಾಬಿಗೆ ಹೋಗುತ್ತಾರೆ. ಸೂಜಿಯಕ್ಕನ ಕೈಗೆ ತಮ್ಮ ಕೈ ಕೊಡುವುದಿಲ್ಲ.

ಸೂಜಿಯಕ್ಕ ಎರಡನೇ ಪ್ರಶ್ನೆ ಕೇಳಲು ಶುರುಮಾಡಿದ್ದು ಆಗಿನಿಂದ. ಒಂದು ಮನೆಗೆ ನಾಲ್ಕು ನಿಮಿಷ ಎಂದು ಲ್ಯಾಬಿನ ನಿಯಮ. ಪ್ರಶ್ನೆಗೆ ಇನ್ನೆರಡು ಹಿಡಿಯುತ್ತದೆ. ಆ ಎರಡನ್ನು ಮೆಟ್ಟಿಲ ಮೇಲೆ ಓಡಿ ಉಳಿಸುತ್ತಾರೆ. ಅವರ ಮಂಡಿನೋವಿಗೆ ಅದೂ ಒಂದು ಕಾರಣ. ಉತ್ತರಗಳೋ, ಒಂದಕ್ಕಿಂತ ಒಂದು ಸೊಗಸು. ಹಣ್ಣು ತಿಂದಿಲ್ಲ ಅಂದವರು ಜ್ಯೂಸ್ ಕುಡಿದಿರುತ್ತಾರೆ. ಜ್ಯೂಸ್ ಕುಡಿದಿಲ್ಲ ಅಂದವರು ಅಂಗಡಿಯ ಮಿಕ್ಸ್ ಕುಡಿದಿರುತ್ತಾರೆ. ಒಬ್ಬ ನಿವೃತ್ತ ಗುಮಾಸ್ತರು, ಚಕ್ಕೋತವನ್ನು ಉಪ್ಪು ಹಾಕಿ ತಿಂದರೆ ದೋಷ ಪರಿಹಾರ ಎಂದು ತಾವೇ ತೀರ್ಪು ಕೊಟ್ಟುಕೊಂಡಿದ್ದರು. "ಯಾರಿಗೂ ಹಣ್ಣು ಬಿಡಿ ಅಂತ ನಾನು ಹೇಳಲ್ಲ, ಮಾತ್ರೆ ಬಿಡಿ ಅಂತ ಮೊದ್ಲೇ ಹೇಳಲ್ಲ," ಎನ್ನುತ್ತಾರೆ ಅವರು. "ಹೇಳೋಕೆ ನಾನ್ಯಾರು? ಬರ್ಕೋತೀನಿ, ಡಾಕ್ಟರಿಗೆ ಕಳಿಸ್ತೀನಿ, ಕೇಳಿ ಅಂತೀನಿ. ಅಷ್ಟೇ."

ಈ ಎರಡು ವರ್ಷದಲ್ಲಿ ಅವರು ಅಂಚಿನಲ್ಲಿ ಬರೆದದ್ದರಿಂದ ಹದಿನೇಳು ಜನರ ಮಾತ್ರೆ ಅಥವಾ ಹಣ್ಣು ಬದಲಾಗಿದೆ ಎಂದು ಲೆಕ್ಕ ಕೊಟ್ಟವರು ಲ್ಯಾಬಣ್ಣ. ಸೂಜಿಯಕ್ಕನನ್ನು ಕೇಳಿದರೆ, "ಹೌದಾ? ಅಷ್ಟಿದೆಯಾ?" ಎನ್ನುತ್ತಾರೆ. ಅವರಿಗೊಂದು ಸಣ್ಣ ಆಸೆ ಇದೆ. ರಕ್ತದ ಟ್ಯೂಬಿನ ಜೊತೆ ಹೋಗುವ ಫಾರಂನಲ್ಲಿ ಹೆಸರು, ವಯಸ್ಸು, ಮಾತ್ರೆ ನುಂಗಿದ ಹೊತ್ತು ಎಲ್ಲಕ್ಕೂ ಒಂದೊಂದು ಗೆರೆ ಇದೆ. ಹಣ್ಣಿಗೂ ಒಂದು ಗೆರೆ ಬೇಕು. ಮೂರು ಸಲ ಕೇಳಿದ್ದಾರೆ. ಫಾರಂನಲ್ಲಿ ಜಾಗವಿಲ್ಲ ಎಂದು ಉತ್ತರ ಬಂದಿದೆ. ಲ್ಯಾಬಿನ ಚಿಹ್ನೆಯನ್ನು ಮಾತ್ರ ಅಂಗೈಯಗಲ ಹಾಕಿದ್ದಾರೆ; ನಾನೇ ನೋಡಿದೆ.

ಮರ ಏನಾಯಿತು ಎಂದು ನೀವು ಕೇಳಬಹುದು. ಕಡಿಯಿರಿ ಎಂದವರಿದ್ದರು. ಕಡಿಯಲಿಲ್ಲ. ಕಾಯಿಗಳು ಈಗ ಎದುರಿನ ಶಾಲೆಗೆ ಹೋಗುತ್ತವೆ, ಮನೆಯಲ್ಲಿ ಅಜ್ಜ ಅಜ್ಜಿಗೆ ಡಾಕ್ಟರನ್ನು ಕೇಳದೆ ಕೊಡಬಾರದು ಎಂಬ ಕಟ್ಟಪ್ಪಣೆಯ ಜೊತೆ. ನಿಜವಾದ ಗಲಾಟೆ ಆದದ್ದು ಮನೆಯೊಳಗೆ. ಅತ್ತೆಯ ರಕ್ತದೊತ್ತಡದ ಮಾತ್ರೆಯೂ ಆ ಪಟ್ಟಿಯಲ್ಲೇ ಇತ್ತು. ತಾನು ನೆಟ್ಟ ಮರದ ಹಣ್ಣು ತನಗೇ ನಿಷಿದ್ಧ ಎಂದಾಗ ಮುದುಕಿ ಸುಮ್ಮನೆ ಕೂರಲಿಲ್ಲ, ನೇರ ಡಾಕ್ಟರ ಬಳಿಗೆ ಹೋದರು. "ನಲವತ್ತು ವರ್ಷದ ಮರ, ಅದನ್ನ ಬದಲಾಯಿಸೋಕಾಗಲ್ಲ. ನಿಮ್ಮ ಮಾತ್ರೆ ಬದಲಾಯಿಸಿ ಅಂದೆ," ಎಂದು ನನಗೆ ಹೇಳುವಾಗ ಅವರ ಬಾಯಲ್ಲಿ ಒಂದು ತೊಳೆ ಇತ್ತು. ಡಾಕ್ಟರು ಚಕ್ಕೋತದ ಹಂಗಿಲ್ಲದ ಬೇರೆ ಮಾತ್ರೆ ಬರೆದುಕೊಟ್ಟರಂತೆ. "ಹಿತ್ತಲ ಗಿಡ ಮದ್ದಲ್ಲ ಅಂತಾರೆ. ನಮ್ಮ ಹಿತ್ತಲ ಗಿಡ ಮದ್ದಿನ ಮೇಲೇ ಜಗಳಕ್ಕೆ ಹೋಯ್ತಲ್ಲಪ್ಪ," ಎಂದು ಇನ್ನೊಂದು ತೊಳೆ ಬಿಡಿಸಿದರು.

ದರ್ಜಿ ಸಂಜೆ ಮಾತ್ರೆಯನ್ನು ಸ್ವಲ್ಪ ತಡವಾಗಿ ನುಂಗುತ್ತಾರೆ. ಅದಕ್ಕೇ ಅವರ ಮನೆ ಪಟ್ಟಿಯ ಕೊನೆಗೆ. ಎಂಟು ಗಂಟೆಗೆ ಐದು ನಿಮಿಷವಿರುವಾಗ ನಾವು ತಲುಪುತ್ತೇವೆ. ಮುಂದಿನ ಕೋಣೆಯೇ ಅಂಗಡಿ: ಹೊಲಿಗೆ ಯಂತ್ರ, ಸೀಮೆಸುಣ್ಣದ ಗೆರೆ ಹಾಕಿದ ಬಟ್ಟೆಗಳು, ಗೋಡೆಗೆ ನೇತುಹಾಕಿದ ಅಳತೆಪಟ್ಟಿ. ಒಳಬಾಗಿಲಿನ ಪರದೆ ಇನ್ನೂ ಅಲುಗುತ್ತಿದೆ. ಯಾರೋ ಈಗತಾನೆ ಸರಿದು ಹೋಗಿದ್ದಾರೆ. ದರ್ಜಿ ತೆಳ್ಳಗಿನ ಮನುಷ್ಯ. ನಾನು ಪತ್ರಿಕೆಯವನು ಎಂದು ತಿಳಿದು ಅಂಗಿಯ ಗುಂಡಿ ಹಾಕಿಕೊಳ್ಳುತ್ತಾರೆ.

ಸೂಜಿಯಕ್ಕ ಎರಡೂ ಪ್ರಶ್ನೆ ಕೇಳುತ್ತಾರೆ. ಉತ್ತರ ಎರಡಕ್ಕೂ ಇಲ್ಲ. ಬೆರಳುಗಳು ದರ್ಜಿಯ ಕೈಮೇಲೆ ತುಸು ಹೊತ್ತು ಹುಡುಕಿ, ಮಣಿಕಟ್ಟಿನ ಮೇಲೆ ಒಂದು ಕಡೆ ನಿಲ್ಲುತ್ತವೆ. ಟ್ಯೂಬು ತುಂಬುವಾಗ ನಾನು ದರ್ಜಿಯನ್ನು ಕೇಳುತ್ತೇನೆ, ಇವರ ಮೇಲೆ ಸಿಟ್ಟಿಲ್ಲವೇ ಎಂದು. ಕೇಳಬಾರದಿತ್ತೇನೋ.

"ಸಿಟ್ಟು ಮಾಡ್ಕೊಂಡು ಏನ್ಮಾಡ್ಲಿ, ಸ್ವಾಮಿ? ಬಂದು ಬಾಯಿಬಿಟ್ಟು ಹೇಳಿದ್ದು ಈಕೆ ಒಬ್ಳೇ," ಎನ್ನುತ್ತಾರೆ ದರ್ಜಿ. ಆಮೇಲೆ ದನಿ ತಗ್ಗಿಸಿ, "ನನ್ನ ಹೆಂಡ್ತೀದೇ ಯೋಚನೆ ನಂಗೆ. ಟೆಸ್ಟ್ ಮಾಡಿಸೋ ದಿನ ಕಳೆದು ಮೂರು ತಿಂಗಳಾಯ್ತು. ಕಾಲುನೋವು, ಅಷ್ಟು ದೂರ ಬಸ್ಸಲ್ಲಿ ಹೋಗಲಾರೆ ಅಂತಾಳೆ. ಇರೋದು ಒಂದೇ ಕಿಡ್ನಿ."

ಸೂಜಿಯಕ್ಕ ತಲೆ ಎತ್ತುವುದಿಲ್ಲ. ಟ್ಯೂಬಿಗೆ ಚೀಟಿ ಅಂಟಿಸುತ್ತ, ನನಗೆ ಹೇಳುತ್ತಿರುವಂತೆ, ಆದರೆ ಪರದೆಗೆ ಕೇಳುವಷ್ಟು ಜೋರಾಗಿ ಹೇಳುತ್ತಾರೆ: "ಆ ಅಕ್ಕ ಹೊಟ್ಟೆ ಕೊಯ್ಸ್ಕೊಂಡು ಕೊಟ್ಟದ್ದನ್ನ ನಾನು ಹಣ್ಣು ಕೊಟ್ಟು ಹಾಳು ಮಾಡೋದ್ರಲ್ಲಿದ್ದೆ. ಅದನ್ನ ಬರೀರಿ, ಸಾರ್. ಬಿಡ್ಬೇಡಿ."

ಪರದೆ ಸರಿಯುತ್ತದೆ. ಬಾಗಿಲಲ್ಲಿ ನಿಂತ ಹೆಂಗಸು ಸೂಜಿಯಕ್ಕನನ್ನು ನೋಡುವುದಿಲ್ಲ, ನನ್ನನ್ನು ನೋಡುತ್ತಾರೆ.

"ಬರೆಯೋದಾದ್ರೆ ಪೂರ್ತಿ ಬರ್ಕೊಳ್ಳಿ," ಎನ್ನುತ್ತಾರೆ. "ಇವಳು ತಂದು ಮೇಜಿನ ಮೇಲಿಟ್ಟು ಹೋಗ್ತಿದ್ಲು, ಅಷ್ಟೇ. ದಿನಾ ಸಂಜೆ ಸುಲಿದು, ಬೀಜ ತೆಗೆದು, ತೊಳೆ ಬಿಡಿಸಿ ಇವರ ಬಾಯಿಗೆ ಕೊಟ್ಟೋಳು ನಾನು. ಬೇಡ ಅಂದ್ರೂ ಇನ್ನೊಂದು ತಿನ್ನಿ ಅಂತ ಕೊಟ್ಟೆ. ನನ್ನ ಕಿಡ್ನಿಗೆ ನಾನೇ. ಅದನ್ನ ಎರಡು ವರ್ಷದಿಂದ ನನ್ನ ಯಾರೂ ಕೇಳ್ಲಿಲ್ಲ. ಇವಳ ಮುಖ ನೋಡಿದ್ರೆ ಅದೇ ನೆನಪಾಗುತ್ತೆ."

ದರ್ಜಿ ಹತ್ತಿ ಒತ್ತಿ ಹಿಡಿದ ಕೈಯಲ್ಲೇ ಎದ್ದು ನಿಲ್ಲುತ್ತಾರೆ. ಅವರ ಕಣ್ಣು ತುಂಬಿದೆ, ನನ್ನದೂ. ಆ ಹೆಂಗಸು ಬಂದು ಗಂಡ ಬಿಟ್ಟ ಕುರ್ಚಿಯಲ್ಲಿ ಕೂತು, ಸೀರೆಯ ಸೆರಗು ಸರಿಸಿ, ಬಲಗೈಯನ್ನು ಮೇಜಿನ ಮೇಲೆ ಚಾಚುತ್ತಾರೆ.

"ನಂದೂ ತಗೊಂಡ್ಬಿಡು," ಎನ್ನುತ್ತಾರೆ.

ಸೂಜಿಯಕ್ಕ ಎದ್ದು ಮತ್ತೊಮ್ಮೆ ಕೈ ತೊಳೆದು ಬರುತ್ತಾರೆ. ಅಗತ್ಯಕ್ಕಿಂತ ಹೆಚ್ಚು ಹೊತ್ತು ನಲ್ಲಿಯ ಸದ್ದು ಕೇಳಿಸುತ್ತದೆ. ಪಟ್ಟಿ ಬಿಗಿಯುತ್ತಾರೆ, ಬೆರಳಿಂದ ಹುಡುಕುತ್ತಾರೆ, ಹಳದಿ ಮುಚ್ಚಳದ ಒಂದು ಟ್ಯೂಬು ತುಂಬಿಸಿಕೊಳ್ಳುತ್ತಾರೆ. ಹತ್ತಿ ಒತ್ತಿದ ಮೇಲೆ ಅದರ ಮೇಲಿಂದ ಹೆಬ್ಬೆರಳು ತೆಗೆಯಲು ಮಾತ್ರ ಇಬ್ಬರೂ ಅವಸರ ಮಾಡುವುದಿಲ್ಲ.

ಹೊರಗೆ ಬಂದು ಸೂಜಿಯಕ್ಕ ಪೆಟ್ಟಿಗೆಯನ್ನು ಸ್ಕೂಟರಿಗೆ ಕಟ್ಟುತ್ತಾರೆ. ಹಗ್ಗದ ಗಂಟನ್ನು ಎರಡು ಸಲ ಹಾಕಿ, ಎರಡು ಸಲ ಬಿಚ್ಚುತ್ತಾರೆ. ಆಮೇಲೆ ನನ್ನ ಕಡೆ ತಿರುಗದೆಯೇ ಹೇಳುತ್ತಾರೆ:

"ಆ ಅಕ್ಕಂದು ತುಂಬ ಸಣ್ಣ ನರ, ಸಾರ್. ಬೇರೆ ಯಾರಾದ್ರೂ ಆಗಿದ್ರೆ ಎರಡು ಸಲ ಚುಚ್ಬೇಕಿತ್ತು. ನಂಗೆ ಒಂದೇ ಸಲಕ್ಕೆ ಸಿಕ್ತು."